ಸ್ಥಳದಲ್ಲಿ ದಾರಿ ಕಂಡುಬಂದಿರುವುದಿಲ್ಲ

ಗ್ರಾಮ ನಕ್ಷೆಯಲ್ಲಿ ಕಾಲುದಾರಿಗೆ ಒಂದು ಸಾಲು ತುಂಡುಗೆರೆ, ಬಂಡಿದಾರಿಗೆ ಎರಡು ಸಾಲು. ಸರ್ವೆ ಆಫ್ ಇಂಡಿಯಾದ ಟೋಪೊ ಹಾಳೆಯಲ್ಲಾದರೆ ಹೇರೆತ್ತುಗಳು ಓಡಾಡುವ ದಾರಿಗೇ ಬೇರೆ ಗುರುತಿದೆ. ಮೂವತ್ತೊಂದು ವರ್ಷ ಸರ್ವೆ ಇಲಾಖೆಯಲ್ಲಿ ದುಡಿದು ನಿವೃತ್ತನಾದವನು ನಾನು. ಮೂಡಿಗೆರೆ ತಾಲ್ಲೂಕಿನ ಬಹುಪಾಲು ಗ್ರಾಮಗಳ ನಕ್ಷೆಗಳು ನನ್ನ ಕೈಯಲ್ಲಿ ಒಮ್ಮೆಯಾದರೂ ಬಿಚ್ಚಿಕೊಂಡಿವೆ. ಪೋಡಿ, ಹದ್ದುಬಸ್ತು, ಒತ್ತುವರಿ ಎಂದು ಓಡಾಡುವಾಗ ಕಣ್ಣು ಹೋಗುತ್ತಿದ್ದದ್ದು ಸರ್ವೆ ನಂಬರುಗಳ ಕಡೆಗೆ, ಬಾಂದುಕಲ್ಲುಗಳ ಕಡೆಗೆ. ಆ ತುಂಡುಗೆರೆಗಳನ್ನು ನೆಟ್ಟಗೆ ನೋಡಲು ಕೂತದ್ದು ಕೆಲಸ ಬಿಟ್ಟ ಮೇಲೆ.

ಅಂಥ ಗೆರೆಗಳಲ್ಲೊಂದು ಬೈರಾಪುರದ್ದು. ಊರಿನಿಂದ ಹೊರಟು ಎತ್ತಿನಭುಜ ಬೆಟ್ಟದ ತಪ್ಪಲನ್ನು ಬಳಸಿ, ಘಟ್ಟದ ಅಂಚಿಗೆ ಹೋಗಿ, ನಕ್ಷೆಯ ಎಲ್ಲೆ ಮುಗಿಯುವಲ್ಲಿ ಗಕ್ಕನೆ ನಿಲ್ಲುತ್ತದೆ. ನನ್ನ ಹತ್ತಿರವಿರುವ ಹಳೆಯ ಟ್ರೇಸಿಂಗಿನಲ್ಲಿ ಆ ತುದಿಯ ಬದಿಗೆ ‘ಶಿಶಿಲಕ್ಕೆ’ ಎಂದು ಸಣ್ಣಕ್ಷರದಲ್ಲಿ ಬರೆದಿದೆ. 1956ರ ನವೆಂಬರ್ 1ರವರೆಗೆ ಆ ಎಲ್ಲೆಯಾಚೆ ಬೇರೆ ರಾಜ್ಯ. ಮೇಲೆ ಮೈಸೂರು, ಕೆಳಗೆ ಮದರಾಸಿನ ದಕ್ಷಿಣ ಕನ್ನಡ. ಮೇಲಿನವರು ಮೂವತ್ತಮೂರು ಅಡಿಯ ಸರಪಳಿ ಹಿಡಿದು ಅಳೆದರು, ಕೆಳಗಿನವರು ಮದರಾಸಿನ ಎಫ್‌ಎಂಬಿ ಪದ್ಧತಿಯಲ್ಲಿ ಅಳೆದರು. ಒಂದೇ ದಾರಿಯ ಎರಡು ತುಂಡುಗಳು ಎರಡು ಜಿಲ್ಲೆಗಳ ದಾಖಲೆ ಕೋಣೆಗಳಲ್ಲಿ ಒಂದರ ಮುಖ ಇನ್ನೊಂದು ನೋಡದೆ ಕೂತಿವೆ. ಜನ ಮಾತ್ರ ಎರಡೂ ರಾಜ್ಯಗಳ ನಡುವೆ ಹತ್ತುತ್ತಲೂ ಇಳಿಯುತ್ತಲೂ ಇದ್ದರು. ಮೇಲಿನಿಂದ ಅಕ್ಕಿ, ಏಲಕ್ಕಿ, ಕಾಫಿ. ಕೆಳಗಿನಿಂದ ಉಪ್ಪು, ಒಣಮೀನು, ತೆಂಗಿನಕಾಯಿ. ನಮ್ಮ ಅಜ್ಜಿ ಘಟ್ಟದ ಕೆಳಗಿನ ಹೆಣ್ಣು. ಮದುವೆಯಾಗಿ ಬಂದದ್ದು ಈ ದಾರಿಯಲ್ಲೇ, ನಡೆದೇ. ಉಂಬಳಕ್ಕೆ ಹೆದರಿ ಕಾಲಿಗೆಲ್ಲ ಸುಣ್ಣ, ಹೊಗೆಸೊಪ್ಪು ಬಳಿದುಕೊಂಡಿದ್ದಳಂತೆ. ಗಂಡನ ಮನೆಯ ಹೊಸ್ತಿಲು ದಾಟುವಾಗ ಕಾಲು ಕುಂಕುಮದ ನೀರಿಗಿಂತ ಸುಣ್ಣಕ್ಕೇ ಕೆಂಪಾಗಿತ್ತು ಎಂದು ಸಾಯುವವರೆಗೂ ಹೇಳುತ್ತಿದ್ದಳು.

ಕಳೆದ ನವೆಂಬರ್ 1, ಶನಿವಾರ, ಆ ಗೆರೆ ಹಿಡಿದು ಹೊರಟೆ. ಕೆಳಗಿನ ಮತ್ತು ಮೇಲಿನ ಕನ್ನಡನಾಡು ಒಂದಾದ ದಿನ ಎಂಬ ಕಾರಣಕ್ಕೇ ಆ ದಿನ ಆರಿಸಿದ್ದು. ಅನುಮತಿ ಪಡೆದಿದ್ದೆ. ಜೊತೆಗೆ ಅರಣ್ಯ ಇಲಾಖೆಯ ವಾಚರ್ ಒಬ್ಬರು, ಊರಿನವರೊಬ್ಬರು, ಬೆಂಗಳೂರಿನಿಂದ ಬಂದಿದ್ದ ತಮ್ಮನ ಮಗ. ಊರಿನವರ ತಂದೆ ಹೇರೆತ್ತು ಹೊಡೆದವರು. ಹುಡುಗನ ಫೋನಿನಲ್ಲಿ ನಡೆದ ಹಾದಿಯನ್ನು ಗೆರೆಯಾಗಿ ಉಳಿಸಿಕೊಳ್ಳುವ ಆಪ್ ಇತ್ತು, ನನ್ನ ಚೀಲದಲ್ಲಿ ಟ್ರೇಸಿಂಗ್ ಮತ್ತು ಟೇಪು.

ಸ್ವಾತಿ ಮಳೆ ಎರಡು ದಿನ ಬಿಡುವು ಕೊಟ್ಟಿತ್ತು. ದೀಪಾವಳಿ ಕಳೆದು ಹತ್ತು ದಿನ. ಮಲೆನಾಡಿನಲ್ಲಿ ವರ್ಷದ ಅತ್ಯಂತ ಚೆಂದದ ದಿನಗಳು ಇವೇ ಎಂದು ನನ್ನ ಅಭಿಪ್ರಾಯ. ಮಳೆಗಾಲದ ಮಂಜು ಸರಿದಿರುತ್ತದೆ, ಬೇಸಿಗೆಯ ಹೊಗೆ ಇನ್ನೂ ಹತ್ತಿರ ಬಂದಿರುವುದಿಲ್ಲ. ಗುಡ್ಡದ ಹುಲ್ಲು ಬುಡದಲ್ಲಿ ಹಸಿರು, ತುದಿಯಲ್ಲಿ ಜೇನುಬಣ್ಣ. ದಾರಿಯುದ್ದಕ್ಕೂ ತೋಟಗಳಲ್ಲಿ ಅರೇಬಿಕಾ ಗಿಡಗಳಲ್ಲಿ ಅಲ್ಲೊಂದು ಇಲ್ಲೊಂದು ಹಣ್ಣು ಕೆಂಪಾಗಿತ್ತು, ರೊಬಸ್ಟಾ ಇನ್ನೂ ಹಸಿರು ಕಾಯಿ. ಕಣಗಳನ್ನು ಗುಡಿಸಿ ಕೊಯ್ಲಿಗೆ ಅಣಿಮಾಡುತ್ತಿದ್ದರು.

ಏಳು ಗಂಟೆಗೆ ಬೈರಾಪುರ ತಲುಪಿದರೆ ಭೈರವೇಶ್ವರ ದೇವಸ್ಥಾನದ ಸುತ್ತ ಆಗಲೇ ಜೀಪು, ಟಿಟಿ, ಬೈಕುಗಳ ಸಾಲು. ಎಲ್ಲರೂ ಎತ್ತಿನಭುಜಕ್ಕೆ ಬಂದವರು. ದುಡಿದು ದಣಿದ ಹುಡುಗ ಹುಡುಗಿಯರು ರಜೆಯ ದಿನ ಬೆಟ್ಟಕ್ಕೆ ಬರುವುದನ್ನು ನಾನು ತಪ್ಪೆನ್ನಲಾರೆ. ಆದರೆ ಆ ಒಂದೇ ಹಾದಿಯನ್ನು ನೋಡಿ ಹೊಟ್ಟೆ ಉರಿಯಿತು. ಸಾವಿರಾರು ಬೂಟುಗಳು ಹುಲ್ಲು ಕಿತ್ತಿವೆ, ಆ ಕೊರಕಲಿನಲ್ಲಿ ಮಳೆನೀರು ಹರಿದಿದೆ, ಈಗ ಅದು ಮಂಡಿಮಟ್ಟದ ಕೆಂಪು ಚರಂಡಿ. ಚರಂಡಿಯಲ್ಲಿ ನಡೆಯಲಾಗದವರು ಪಕ್ಕದ ಹುಲ್ಲಿನ ಮೇಲೆ ನಡೆಯುತ್ತಾರೆ. ಮುಂದಿನ ಆಷಾಢಕ್ಕೆ ಅದೂ ಚರಂಡಿ. ಗುಡ್ಡದ ಮೈಮೇಲೆ ಅಂಥ ನಾಲ್ಕು ಗೀರುಗಳು ದೂರದಿಂದಲೇ ಕಾಣುತ್ತವೆ.

ಎಲ್ಲರೂ ಮೇಲಕ್ಕೆ ಹತ್ತಿದರು. ನಾವು ಬದಿಗೆ ಹೊರಳಿದೆವು.

ಮೊದಲ ಎರಡು ಫರ್ಲಾಂಗು ದಾರಿಯೇ ಇರಲಿಲ್ಲ. ಲಂಟಾನ, ಯುಪಟೋರಿಯಂ ಆಳೆತ್ತರ ಬೆಳೆದಿದ್ದವು. ಊರಿನವರು ಕತ್ತಿಯಿಂದ ಸವರುತ್ತ ಮುಂದೆ, ನಾವು ಮುಖಕ್ಕೆ ಕೈ ಅಡ್ಡ ಹಿಡಿದು ಹಿಂದೆ. ಒಂದು ಕಡೆ ಕತ್ತಿ ಕಲ್ಲಿಗೆ ತಾಗಿ ಠಣ್ ಎಂದಿತು. ಬಳ್ಳಿ ಎಳೆದು ನೋಡಿದರೆ ಉಣುಗೋಲಿನ ಕಲ್ಲುಕಂಬ. ಮೂರು ತೂತು, ತೂತಿನ ಒಳಮೈ ಗಳ ಸರಿಸಿ ಸರಿಸಿ ನುಣುಪಾಗಿದೆ. ಅದರ ಜೋಡಿಯೂ ಸಿಕ್ಕಿತು, ಓರೆಯಾಗಿ ಒರಗಿತ್ತು. ಅಭ್ಯಾಸಬಲ, ಟೇಪು ಹಿಡಿದೆ. ಬುಡದಿಂದ ಬುಡಕ್ಕೆ ಆರಡಿ ಎರಡಂಗುಲ. ಎರಡೂ ಬದಿ ಹೇರು ಹೊತ್ತ ಎತ್ತು ಕಂಬಕ್ಕೆ ಉಜ್ಜದೆ ದಾಟುವಷ್ಟು. ದನ ಗದ್ದೆಗೆ ನುಗ್ಗದಂತೆ ಗಳ ಹಾಕಬೇಕು, ದಾರಿಗರಿಗೆ ಸರಿಸಿ ಹೋಗಲು ಬರಬೇಕು, ಹೋದವರು ಮತ್ತೆ ಹಾಕಿ ಹೋಗಬೇಕು. ಗದ್ದೆಯವನೂ ದಾರಿಗರೂ ಒಬ್ಬರನ್ನೊಬ್ಬರು ನಂಬಿ ಬದುಕಿದ ಏರ್ಪಾಡು ಆ ಮೂರು ತೂತಿನಲ್ಲಿತ್ತು.

ಅಲ್ಲಿಂದ ಮುಂದೆ ದಾರಿ ತೆರೆದುಕೊಂಡಿತು. ಎರಡು ಕಡೆ ಎದೆಮಟ್ಟದ ದರೆ, ನಡುವೆ ಓಣಿ. ನೂರಾರು ವರ್ಷ ಗೊರಸು, ಪಾದ ತುಳಿದು ನೆಲ ತಗ್ಗಿಹೋದದ್ದು. ದರೆಯ ಮೈಯೆಲ್ಲ ಜರೀಗಿಡ, ಹಾವಸೆ. ಓಣಿ ಕಾನಿನೊಳಕ್ಕೆ ಹೊಕ್ಕಮೇಲೆ ತರಗೆಲೆ ಮೊಣಕಾಲಿನವರೆಗೆ. ಮೇಲ್ನೋಟಕ್ಕೆ ಎಲ್ಲ ದಿಕ್ಕೂ ಒಂದೇ. ನಾನು ನಕ್ಷೆ ಬಿಚ್ಚಿದೆ, ಹುಡುಗ ಫೋನು ನೋಡಿದ. ಊರಿನವರು ನಗುತ್ತ, “ಸಾಹೇಬ್ರೇ, ಕೆಳಗೆ ನೋಡ್ಬೇಡಿ, ಸುಮ್ನೆ ಕಾಲಿಡಿ. ಎಲೆ ಅಡಿ ಗಟ್ಟಿ ಇದ್ರೆ ದಾರಿ. ಮೆತ್ತಗಾಯ್ತೋ, ದಾರಿ ಬಿಟ್ವಿ ಅಂತ ಲೆಕ್ಕ” ಅಂದರು. ಹಾಗೇ ಆಯಿತು. ಎರಡು ಸಲ ಕಾಲಡಿ ಮೆತ್ತಗಾಯಿತು, ಎರಡು ಸಲವೂ ಹತ್ತು ಹೆಜ್ಜೆ ಹಿಂದಕ್ಕೆ ಬಂದು ಗಟ್ಟಿನೆಲ ಹುಡುಕಿಕೊಂಡೆವು. ಕಂಪಾಸು, ಥಿಯೋಡೊಲೈಟ್, ಟೋಟಲ್ ಸ್ಟೇಷನ್ ಎಲ್ಲ ಬಳಸಿದವನಿಗೆ ಪಾದವೂ ಸರ್ವೆಯ ಸಲಕರಣೆ ಎಂದು ತಿಳಿದದ್ದು ಅರವತ್ತೆರಡನೇ ವಯಸ್ಸಿನಲ್ಲಿ.

ಇಳಿಜಾರು ಶುರುವಾದ ಮೇಲೆ ಈ ದಾರಿ ಮಾಡಿದವರ ಬುದ್ಧಿ ಕಾಣತೊಡಗಿತು. ಎಲ್ಲೂ ನೆಟ್ಟಗೆ ಇಳಿಯುವುದಿಲ್ಲ. ಗುಡ್ಡದ ಮೈಯನ್ನು ಓರೆಯಾಗಿ ಹಿಡಿದು, ಹತ್ತಡಿ ನಡೆದರೆ ಒಂದಡಿ ಇಳಿಯುವ ಲೆಕ್ಕದಲ್ಲಿ ಸಾಗುತ್ತದೆ. ನೀರು ಕೊರೆಯುವ ಜಾಗದಲ್ಲೆಲ್ಲ ಅಡ್ಡಕ್ಕೆ ಒಂದು ಸಾಲು ಕಲ್ಲು. ನೀರು ಆ ಕಲ್ಲಿಗೆ ಬಂದು ಕೆಳಬದಿಗೆ ಹೊರಳಿಬಿಡುತ್ತದೆ, ದಾರಿಯಲ್ಲಿ ಹರಿಯುವುದಿಲ್ಲ. ಎತ್ತಿನಭುಜದ ಹಾದಿ ಹತ್ತು ವರ್ಷದೊಳಗೆ ಚರಂಡಿಯಾಯಿತು. ಯಾರೂ ಸವರದೆ, ಮುಟ್ಟದೆ ಬಿಟ್ಟ ಈ ದಾರಿಯ ನೆಲ ಇನ್ನೂ ಹಾಗೇ ಇದೆ. ಇದನ್ನು ಕಟ್ಟಿದವರ ಹೆಸರು ಯಾವ ಕಡತದಲ್ಲೂ ಇಲ್ಲ.

ಇನ್ನೊಬ್ಬರು ಈ ದಾರಿಯನ್ನು ಉಳಿಸಿದ್ದಾರೆ. ಕಾನಿನ ನಡುವೆ ಒಂದು ಕಡೆ ಲಂಟಾನ ಮುರಿದು, ದಾರಿ ಅಗಲವಾಗಿ ಸ್ವಚ್ಛವಾಗಿತ್ತು. ಯಾರು ಸವರಿದರು ಎಂದು ನಾನು ಕೇಳುವ ಮೊದಲೇ ವಾಚರ್ ಕೈಯೆತ್ತಿ ನಿಲ್ಲಿಸಿದರು. ಎದುರಿಗೆ ಲದ್ದಿ. ಬೈನೆ ಮರದ ನಾರು ಅದರಲ್ಲಿ ಹುರಿಹಗ್ಗದಂತೆ ಚಾಚಿತ್ತು. ಅವರು ಹಿಂಗೈಯಿಂದ ಮುಟ್ಟಿ ನೋಡಿ, ತಣ್ಣಗಿದೆ, ನಿನ್ನೆಯದು ಅಂದರು. ಆದರೂ ಕಾಲು ಗಂಟೆ ಕೂತು ಕಿವಿಗೊಟ್ಟ ಮೇಲೇ ಮುಂದೆ ನಡೆಯಲು ಬಿಟ್ಟದ್ದು. ಆನೆಗೂ ಎತ್ತಿಗೂ ಬೇಕಾದದ್ದು ಒಂದೇ ಇಳಿಜಾರು. ಎತ್ತು ನಿಂತುಹೋದವು, ಆನೆಗಳು ಆ ದಾರಿಯನ್ನು ಬಿಡಲಿಲ್ಲ. ಊರುಬಗೆ ಸುತ್ತಿನ ಬೆಳೆಗಾರರಿಗೆ, ಕೂಲಿಯವರಿಗೆ ಆನೆ ಎಂದರೆ ಎದೆ ನಡುಗುವ ಮಾತು, ಅದು ನನಗೆ ಗೊತ್ತು. ಆ ಭಯವನ್ನು ಪಕ್ಕಕ್ಕಿಟ್ಟು ಯಾರೂ ಈ ಕಾಡಿನ ದಾರಿಯ ಮಾತಾಡಬಾರದು. ನಾನೂ ಆಡುವುದಿಲ್ಲ.

ಇನ್ನಷ್ಟು ಇಳಿದಾಗ ತಿರುವಿನಲ್ಲಿ ಹೊರೆ ಇಳಿಸುವ ಕಲ್ಲು ಸಿಕ್ಕಿತು. ನೆಟ್ಟ ಎರಡು ಕಲ್ಲು, ಮೇಲೊಂದು ಹಾಸುಗಲ್ಲು, ಎತ್ತರ ನನ್ನ ಭುಜಕ್ಕಿಂತ ಸ್ವಲ್ಪ ಕೆಳಗೆ. ಊರಿನವರು ಅದಕ್ಕೆ ಬೆನ್ನು ಕೊಟ್ಟು ನಿಂತು, ಮಂಡಿ ತುಸು ಬಗ್ಗಿಸಿ, ತಲೆಯ ಮೇಲಿನ ಮೂಟೆಯನ್ನು ಹಿಂದಕ್ಕೆ ಜಾರಿಸಿದಂತೆ ಮಾಡಿ, ಒಂದು ಹೆಜ್ಜೆ ಮುಂದೆ ಬಂದು ತೋರಿಸಿದರು. ಯಾರ ಸಹಾಯವೂ ಇಲ್ಲದೆ ಇಳಿಸಬಹುದು, ಯಾರ ಸಹಾಯವೂ ಇಲ್ಲದೆ ಮತ್ತೆ ಹೊರಬಹುದು. “ನಮ್ಮಪ್ಪ ಉಪ್ಪು ಹೊತ್ಕೊಂಡು ಹತ್ತುವಾಗ ಇಲ್ಲಿ ಎಲೆಯಡಿಕೆ ಹಾಕ್ತಿದ್ರಂತೆ. ಅಲ್ಲಿಗೆ ಅರ್ಧ ದಾರಿ ಆಯ್ತು ಅಂತ.” ನಾನು ಹಾಸುಗಲ್ಲಿನ ಅಂಚಿನ ಹಾವಸೆ ಒರೆಸಿದೆ. ಕೆಳಗಡೆ ಕಲ್ಲು ಗಾಜಿನ ಹಾಗೆ ನುಣುಪು. ಅಜ್ಜಿಯೂ ಇಲ್ಲಿ ಕೂತಿರಬೇಕು. ಕೂರದೆ ಮುಂದೆ ಹತ್ತಿದವರು ಯಾರಿದ್ದಾರು?

ಅಲ್ಲಿಂದ ಅರ್ಧ ಗಂಟೆಯ ನಡಿಗೆಯಲ್ಲಿ ದಾರಿ ಮುಗಿಯಿತು. ಮುಗಿಯಿತು ಎಂದರೆ ಗುಡ್ಡವೇ ಇರಲಿಲ್ಲ. ಮೂರು ಸರಪಳಿ ಅಗಲಕ್ಕೆ ಬೆಟ್ಟದ ಮೈ ಕಿತ್ತು ಕೆಳಗೆ ಹೋಗಿತ್ತು. ಬೋಳು ಬಂಡೆ, ಬುಡಮೇಲಾದ ಮರಗಳ ಬೇರು, ನಡುವೆ ಕಾಡುಬಾಳೆ ಆಗಲೇ ಚಿಗುರಿತ್ತು. 2019ರ ಆಗಸ್ಟ್ ಮಳೆಯದ್ದೇ ಇರಬೇಕು ಎಂದರು ವಾಚರ್. ಮಲೆಮನೆ, ಮಧುಗುಂಡಿಯ ಜನ ಮನೆಮಾರು ಬಿಟ್ಟು ಓಡಿದ್ದು ಅದೇ ಮಳೆಗೆ. ಆಚೆ ಬದಿಯ ಕಾಡಿನಲ್ಲಿ ದಾರಿ ಒಂದು ಕಪ್ಪುಗೆರೆಯಾಗಿ ಮುಂದುವರಿಯುವುದು ಕಾಣುತ್ತಿತ್ತು. ದಾಟುವ ಮಾತೇ ಬೇಡ ಎಂದರು ವಾಚರ್. ಬಾಳೆಲೆಯಲ್ಲಿ ಕಟ್ಟಿ ತಂದಿದ್ದ ಅಕ್ಕಿರೊಟ್ಟಿ, ಕಾಯಿಚಟ್ನಿ ಅಲ್ಲೇ ತಿಂದು ಹಿಂದಿರುಗಿದೆವು. ಆ ದಿನ ನಾನು ಶಿಶಿಲ ಮುಟ್ಟಲಿಲ್ಲ. ಅಲ್ಲಿನ ಕಪಿಲಾ ಹೊಳೆಯ ದೇವರ ಮೀನಿಗೆ ಅಕ್ಕಿ ಹಾಕುತ್ತೇನೆಂದು ಮನೆಯಲ್ಲಿ ಹೇಳಿ ಬಂದಿದ್ದೆ.

ಸಂಜೆ ಹುಡುಗನ ಫೋನಿನ ಗೆರೆಯನ್ನೂ ನನ್ನ ಟ್ರೇಸಿಂಗಿನ ಗೆರೆಯನ್ನೂ ಒಂದರ ಮೇಲೊಂದು ಇಟ್ಟು ನೋಡಿದೆವು. ಎರಡು ಮೂರು ಸರಪಳಿಗಿಂತ ಹೆಚ್ಚು ವ್ಯತ್ಯಾಸ ಎಲ್ಲೂ ಇರಲಿಲ್ಲ. “ದೊಡ್ಡಪ್ಪ, ಅವರಿಗೆ ಸ್ಯಾಟಲೈಟ್ ಇರಲಿಲ್ಲವಲ್ಲ?” ಎಂದ. ಮೈಸೂರು ಸೀಮೆಯಲ್ಲಿ ಸರ್ವೆ ಸೆಟ್ಲ್‌ಮೆಂಟ್ ಶುರುವಾದದ್ದು 1863ರಲ್ಲಿ. ಆ ಕಾಲದ ನೌಕರರು ಸರಪಳಿ ಎಳೆಯುತ್ತ ಈ ಕಾಡಿನಲ್ಲಿ ನಡೆದೇ ಈ ಗೆರೆ ಎಳೆದರು. ಜನ ನಡೆಯುವುದನ್ನು ಕಂಡರು, ಅದಕ್ಕೇ ಗುರುತು ಹಾಕಿದರು.

ನಾನು ಏನು ಮಾಡಿದೆ ಎಂದು ಈಗ ಹೇಳಬೇಕು.

1997ರಲ್ಲಿ, ಕಳಸ ಇನ್ನೂ ಮೂಡಿಗೆರೆ ತಾಲ್ಲೂಕಿನ ಹೋಬಳಿಯಾಗಿದ್ದಾಗ, ಆ ಕಡೆಯ ಒಂದು ಗ್ರಾಮಕ್ಕೆ ಪೋಡಿ ಕೆಲಸಕ್ಕೆ ಹೋಗಿದ್ದೆ. ನಕ್ಷೆಯಲ್ಲಿ ತೋಟದ ನಡುವೆ ಒಂದು ತುಂಡುಗೆರೆಯಿತ್ತು. ಸ್ಥಳದಲ್ಲಿ ಮಾಲೀಕರು ಆಳೆತ್ತರದ ಅಗಳು ತೋಡಿ, ಗೇಟು ಹಾಕಿದ್ದರು. ಕೂಲಿಲೈನಿನ ಒಬ್ಬ ಮುದುಕಿ ಗೇಟಿನ ಆಚೆ ನಿಂತು, “ಇದು ನಮ್ಮ ಚೌಡಿಬನದ ದಾರಿ ಸ್ವಾಮಿ, ಮಕ್ಳು ಇಸ್ಕೂಲಿಗೆ ಹೋಗಾದೂ ಇದ್ರಾಗೇ” ಅಂದಳು. ನಾನು ಮಾಲೀಕರ ಜಗಲಿಯಲ್ಲಿ ಊಟ ಮಾಡಿ, ವರದಿಯಲ್ಲಿ ಒಂದು ಸಾಲು ಬರೆದೆ: ‘ನಕ್ಷೆಯಲ್ಲಿ ಕಾಲುದಾರಿ ನಮೂದಿದ್ದು, ಸ್ಥಳದಲ್ಲಿ ದಾರಿ ಕಂಡುಬಂದಿರುವುದಿಲ್ಲ.’ ದುಡ್ಡು ಮುಟ್ಟಲಿಲ್ಲ. ಹಾಗೆ ಬರೆಯುವುದು ಸುಲಭವಾಗಿತ್ತು, ಸಂಜೆಯ ಬಸ್ಸಿಗೆ ಹೊತ್ತಾಗಿತ್ತು, ಅಷ್ಟೇ. ಅಲ್ಲಿಂದಾಚೆಗೆ ಹದಿನಾರು ಮನೆಯ ಮಕ್ಕಳು ಟಾರುರಸ್ತೆಯ ಮೇಲೆ ಮೂರು ಕಿಲೋಮೀಟರು ಸುತ್ತಿ ಶಾಲೆಗೆ ಹೋದರು.

ಕಾನೂನು ನನ್ನ ಕಡೆಗಿರಲಿಲ್ಲ, ಆ ಮುದುಕಿಯ ಕಡೆಗಿತ್ತು. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 67ನೇ ಕಲಮಿನ ಪ್ರಕಾರ ಸಾರ್ವಜನಿಕ ರಸ್ತೆ, ಬೀದಿ, ಓಣಿ, ಕಾಲುದಾರಿ ಎಲ್ಲವೂ ಸರ್ಕಾರದ ಸ್ವತ್ತು. ಅದರ ಮುಂದಿನ ಕಲಮು ಇನ್ನೂ ಮುಖ್ಯ. ಒಂದು ದಾರಿ ಸಾರ್ವಜನಿಕರಿಗೆ ಬೇಡವಾಗಿದೆ ಎನಿಸಿದರೆ ಅದರ ಮೇಲಿನ ಹಕ್ಕನ್ನು ರದ್ದು ಮಾಡಲು ಅಧಿಸೂಚನೆ ಹೊರಡಬೇಕು, ಜನರ ಆಕ್ಷೇಪಣೆ ಕೇಳಬೇಕು. ಮೀಸಲು ಅರಣ್ಯದೊಳಗಿನ ದಾರಿ ನಿಲ್ಲಿಸುವುದಾದರೂ ಬದಲಿ ದಾರಿ ಇರಬೇಕು ಎನ್ನುತ್ತದೆ 1963ರ ಕರ್ನಾಟಕ ಅರಣ್ಯ ಕಾಯ್ದೆ. ಅಂದರೆ ಒಂದು ಕಾಲುದಾರಿ ಸಾಯಲು ಇಷ್ಟೆಲ್ಲ ನಡೆಯಬೇಕು. ನಮ್ಮ ಬೆಟ್ಟಗಳಲ್ಲಿ ಅವು ಸಾಯುತ್ತಿರುವುದು ಒಂದು ಅಗಳು, ಒಂದು ಗೇಟು, ನನ್ನಂಥ ನೌಕರನ ಒಂದು ಸಾಲಿನಿಂದ.

ಈಗ ಇದನ್ನು ಬರೆಯಲು ಅವಸರದ ಕಾರಣವಿದೆ. ನಕ್ಷೆಗಳೆಲ್ಲ ಕಂಪ್ಯೂಟರಿಗೆ ಏರುತ್ತಿವೆ. ದಿಶಾಂಕ್ ಆಪ್ ತೆರೆದರೆ ನಿಂತ ಜಾಗದ ಸರ್ವೆ ನಂಬರು ಬೆರಳ ತುದಿಗೆ ಬರುತ್ತದೆ. 2020ರಲ್ಲಿ ಶುರುವಾದ ಸ್ವಾಮಿತ್ವ ಯೋಜನೆಯಲ್ಲಿ ಊರಿನ ಮನೆ ಜಾಗಗಳನ್ನು ಡ್ರೋನ್ ಹಾರಿಸಿ ಅಳೆಯುತ್ತಿದ್ದಾರೆ. ಒಳ್ಳೆಯ ಕೆಲಸ, ನನ್ನ ಇಲಾಖೆಯ ಬಗ್ಗೆ ಹೆಮ್ಮೆಯಿದೆ. ಆದರೆ ಬಯಲುಸೀಮೆಯ ಹೊಲದಲ್ಲಿ ಡ್ರೋನಿಗೆ ಕಾಣುವ ದಾರಿ ನಮ್ಮಲ್ಲಿ ಕಾಣುವುದಿಲ್ಲ. ಕಾಫಿ ಗಿಡದ ಮೇಲೆ ಸಿಲ್ವರ್ ಓಕ್, ಅದರ ಜೊತೆಗೆ ಅತ್ತಿ, ಹಲಸು, ಅದಕ್ಕೆಲ್ಲ ಹಬ್ಬಿದ ಮೆಣಸಿನ ಬಳ್ಳಿ. ಆ ಚಪ್ಪರದ ಕೆಳಗೆ ಎರಡಡಿ ಅಗಲದ ದಾರಿಯನ್ನು ಯಾವ ಕ್ಯಾಮೆರಾ ಹಿಡಿದೀತು? ಮೇಲಿನಿಂದ ತೆಗೆದ ಚಿತ್ರವನ್ನೇ ನಂಬಿ ಮುಂದೊಂದು ದಿನ ಮರುಸರ್ವೆಯ ಹೊಸ ನಕ್ಷೆ ಬಂದರೆ, 1997ರಲ್ಲಿ ನಾನು ಒಂದು ದಾರಿಗೆ ಬರೆದ ಸಾಲು ಇಡೀ ಮಲೆನಾಡಿನ ದಾರಿಗಳಿಗೆ ಅಂಟಿಕೊಳ್ಳುತ್ತದೆ. ಅಷ್ಟರೊಳಗೆ ಪ್ರತಿ ಗ್ರಾಮದ ತುಂಡುಗೆರೆಗಳನ್ನು ಊರಿನ ಹಿರಿಯರನ್ನು ಜೊತೆಗಿಟ್ಟುಕೊಂಡು ಒಮ್ಮೆ ನಡೆದು ನೋಡಿ, ಇದ್ದದ್ದನ್ನು ಇದ್ದಂತೆ ಬರೆದಿಡಬೇಕು. ಹೇರೆತ್ತಿನ ಜೊತೆ ನಡೆದವರ ಮಕ್ಕಳೇ ಈಗ ಅರವತ್ತು ದಾಟಿದ್ದಾರೆ.

ಇದಕ್ಕೆ ಎರಡು ಕಡೆಯಿಂದ ಮಾತು ಬರುತ್ತದೆ. ಮೊದಲನೆಯದು ರಸ್ತೆಯವರದು. ಶಿಶಿಲ–ಬೈರಾಪುರ ದಾರಿಯನ್ನು ವಾಹನಗಳ ಘಾಟಿರಸ್ತೆಯಾಗಿ ಮಾಡಬೇಕೆಂಬ ಪ್ರಸ್ತಾಪ ಬಹಳ ಕಾಲದಿಂದ ಇದೆ. ಮಳೆಗಾಲದಲ್ಲಿ ಶಿರಾಡಿಯೂ ಚಾರ್ಮಾಡಿಯೂ ಕುಸಿದಾಗಲೆಲ್ಲ ಅದು ಮೇಲೇಳುತ್ತದೆ. ಕುಸಿದ ಎರಡು ಘಾಟಿಗಳ ನಡುವಿನ ಅದೇ ಬೆಟ್ಟದಲ್ಲಿ ಮೂರನೆಯದನ್ನು ಕೊರೆದರೆ ಅದು ಕುಸಿಯುವುದಿಲ್ಲವೆಂದು ಯಾವ ಇಂಜಿನಿಯರ್ ಹೇಳುತ್ತಾರೆ? ಮನುಷ್ಯರು ಕೈಯಿಂದ ಕಡಿದ ನಾಲ್ಕಡಿಯ ದಾರಿಯನ್ನೇ ಹೊತ್ತು ನಿಲ್ಲಲಾಗದೆ ಜಾರಿದ ಇಳಿಜಾರನ್ನು ನಾನು ಕಣ್ಣಾರೆ ಕಂಡು ಬಂದಿದ್ದೇನೆ. ಅಲ್ಲಿ ಜೆಸಿಬಿ ಇಳಿಸಬಾರದು.

ಹಾಗೆಂದು ಎಲ್ಲ ರಸ್ತೆಯನ್ನೂ ಬೇಡವೆನ್ನಲು ನನಗೆ ಬಾಯಿ ಬರುವುದಿಲ್ಲ. ಎಳನೀರು ಎಂಬ ಊರಿದೆ. ಇರುವುದು ಸಂಸೆಯ ಪಕ್ಕ, ಘಟ್ಟದ ಮೇಲೆ. ಸೇರಿರುವುದು ಮಾತ್ರ ಘಟ್ಟದ ಕೆಳಗಿನ ಬೆಳ್ತಂಗಡಿ ತಾಲ್ಲೂಕಿಗೆ. ದಿಡುಪೆಗೆ ಇಳಿಯುವ ಹಳೆಯ ಹಾದಿ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಕಾಡಿನಲ್ಲಿದೆ. ಅದು ನೆಟ್ಟಗಿಲ್ಲದ್ದರಿಂದ ತಾಲ್ಲೂಕು ಕಚೇರಿಯ ಒಂದು ಸಹಿಗೆ ಕಳಸ, ಕೊಟ್ಟಿಗೆಹಾರ, ಚಾರ್ಮಾಡಿ ಸುತ್ತಿ ಹೆಚ್ಚುಕಡಿಮೆ ನೂರು ಕಿಲೋಮೀಟರು ಹೋಗಬೇಕು. ಆ ಊರಿನ ಹೆರಿಗೆ ನೋವಿನ ಹೆಣ್ಣುಮಗಳಿಗೆ ಕಾಲುದಾರಿಯ ಚೆಲುವನ್ನು ನಾನು ಬೋಧಿಸಲಾರೆ. ಜನ ಬದುಕುತ್ತಿರುವ ಊರಿಗೆ ಇರುವ ಹಾದಿಯನ್ನು ಜೀಪು, ಆಂಬುಲೆನ್ಸ್ ಹೋಗುವಷ್ಟು ರಿಪೇರಿ ಮಾಡಿಕೊಡುವುದು ಬೇರೆ, ಲಾರಿಗಳಿಗಾಗಿ ಕಾಡು ಸೀಳುವುದು ಬೇರೆ. ಎರಡನ್ನೂ ‘ರಸ್ತೆ’ ಎಂಬ ಒಂದೇ ಮಾತಿನಲ್ಲಿ ಕಟ್ಟಿ ವಾದಿಸುವುದರಿಂದಲೇ ಎಳನೀರಿನವರಿಗೂ ನ್ಯಾಯ ಸಿಕ್ಕಿಲ್ಲ, ಕಾಡಿಗೂ ನೆಮ್ಮದಿಯಿಲ್ಲ.

ಎರಡನೆಯ ಮಾತು ಕಾಡು ಮುಚ್ಚಿ ಎನ್ನುವವರದು. ಅವರ ಆತಂಕ ಸುಳ್ಳಲ್ಲ. 2024ರ ಜನವರಿಯಲ್ಲಿ ಕುಮಾರಪರ್ವತಕ್ಕೆ ಸಾವಿರಾರು ಮಂದಿ ಒಂದೇ ಸಲ ನುಗ್ಗಿದ ಚಿತ್ರಗಳನ್ನು ಎಲ್ಲರೂ ನೋಡಿದ್ದೇವೆ. ಅದಾದ ಮೇಲೆ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನು ಸರ್ಕಾರ ನಿಲ್ಲಿಸಿತು, ಅದೇ ವರ್ಷ ಬುಕಿಂಗಿಗೆ ಜಾಲತಾಣ ಬಂತು, ದಿನಕ್ಕಿಷ್ಟೇ ಜನ ಎಂದು ಮಿತಿ ಬಂತು. ಬೇಕಾದದ್ದೇ. ಆದರೆ ಹೆಸರಾದ ಏಳೆಂಟು ಶಿಖರಗಳ ಮೇಲೆ ಎಲ್ಲರನ್ನೂ ಕಳಿಸಿ, ಉಳಿದ ನೂರಾರು ದಾರಿಗಳನ್ನು ಮುಳ್ಳಿಗೆ ಬಿಟ್ಟರೆ ಆ ಶಿಖರಗಳೇ ಸವೆಯುತ್ತವೆ. ಯಾರೂ ನಡೆಯದ ದಾರಿಯಲ್ಲಿ ಬೇಟೆಯ ಉರುಳು ಬಿದ್ದರೂ, ಫೆಬ್ರವರಿಯಲ್ಲಿ ಬೆಂಕಿ ಹೊತ್ತಿದರೂ ಮೊದಲು ಕಾಣುವ ಕಣ್ಣಿರುವುದಿಲ್ಲ. ಬೆಂಕಿ ಆರಿಸಲು ಓಡುವ ವಾಚರಿಗೂ ಹಾದಿ ಬೇಕು. ನಮ್ಮ ಜೊತೆ ಬಂದ ವಾಚರ್ ಆ ಹೊರೆಗಲ್ಲನ್ನು ಅಂದೇ ಮೊದಲ ಸಲ ನೋಡಿದ್ದು.

ತೋಟದವರ ಭಯವನ್ನೂ ನಾನು ಬಲ್ಲೆ. ಕಾಫಿ, ಮೆಣಸಿಗೆ ಬೆಲೆ ಬಂದಾಗಲೆಲ್ಲ ಕಳ್ಳತನ ಹೆಚ್ಚುತ್ತದೆ. ರಾತ್ರಿ ಗಿಡದಿಂದಲೇ ಹಣ್ಣು ಸೂರೆ ಹೋದದ್ದುಂಟು. ಹಾಗಾಗಿ ಹಗಲು ಮಾತ್ರ, ನಡೆದು ಮಾತ್ರ, ಊರಿನವರಿಗೂ ಊರಿನವರ ಜೊತೆ ಬಂದವರಿಗೂ ಮಾತ್ರ ಎಂಬ ಕಟ್ಟಳೆಯನ್ನು ಗ್ರಾಮಸಭೆಯಲ್ಲಿ ಮಾಡಿಕೊಳ್ಳಲಿ. ಗೇಟು ಇರಲಿ, ಅದರ ಪಕ್ಕದಲ್ಲಿ ಹಿಂದಿನಂತೆ ಒಂದು ಉಣುಗೋಲು ಇರಲಿ. ಕಾಡಿನೊಳಗಿನ ಭಾಗಕ್ಕೆ ಅರಣ್ಯ ಇಲಾಖೆಯೇ ದಿನಕ್ಕೆ ಹತ್ತು ಜನ, ಜೊತೆಗೆ ಊರಿನ ಒಬ್ಬ ದಾರಿಗಾರ ಎಂದು ಗೊತ್ತುಮಾಡಲಿ, ಆನೆ ಬಂದ ವಾರ ಮುಚ್ಚಲಿ. ಮಳೆ ನಿಂತ ಮೇಲೆ ಊರೆಲ್ಲ ಸೇರಿ ದಾರಿ ಸವರುವ ಪದ್ಧತಿ ನನ್ನ ಬಾಲ್ಯದಲ್ಲಿತ್ತು. ಮನೆಗೊಬ್ಬ ಕತ್ತಿ ಹಿಡಿದು ಬರುತ್ತಿದ್ದ, ಮಧ್ಯಾಹ್ನಕ್ಕೆ ಒಂದು ಮನೆಯಲ್ಲಿ ಕಡುಬು. ಆ ಒಂದು ದಿನದ ಕೂಲಿಯನ್ನು ಪಂಚಾಯಿತಿ ಕೊಟ್ಟರೆ ಸಾಕು, ಕೋಟಿಗಳ ಯೋಜನೆ ಬೇಕಿಲ್ಲ.

ಬೇರೆ ದೇಶಗಳು ಇದನ್ನು ಮಾಡಿವೆ. ಇಂಗ್ಲೆಂಡಿನಲ್ಲಿ 1932ರಲ್ಲಿ ಕಿಂಡರ್ ಸ್ಕೌಟ್ ಎಂಬ ಬೆಟ್ಟಕ್ಕೆ ಕಾರ್ಖಾನೆ ಕೆಲಸಗಾರರು ಜಮೀನ್ದಾರರ ತಡೆ ಮೀರಿ ನುಗ್ಗಿ ನಡೆದರು, ಕೆಲವರು ಜೈಲಿಗೂ ಹೋದರು. 1949ರಲ್ಲಿ ಬಂದ ಕಾಯ್ದೆ ಪ್ರತಿ ಕೌಂಟಿಯೂ ತನ್ನ ಕಾಲುದಾರಿಗಳ ಅಧಿಕೃತ ನಕ್ಷೆ ಇಡಬೇಕೆಂದು ವಿಧಿಸಿತು. ಆ ನಕ್ಷೆಯಲ್ಲಿದ್ದ ದಾರಿಯನ್ನು ಯಾವ ಹೊಲದವನೂ ಮುಚ್ಚುವಂತಿಲ್ಲ. ಜಪಾನಿನ ಕುಮಾನೊ ಯಾತ್ರಾಮಾರ್ಗಗಳು 2004ರಲ್ಲಿ ಯುನೆಸ್ಕೊ ಪಟ್ಟಿ ಸೇರಿದವು. ನಮ್ಮ ಕುದುರೆಮುಖವೂ 2012ರಿಂದ ಅದೇ ಪಟ್ಟಿಯಲ್ಲಿದೆ. ಜಪಾನಿನಲ್ಲಿ ಜನ ನಡೆದ ದಾರಿಯೇ ಪರಂಪರೆಯಾಯಿತು. ನಮ್ಮಲ್ಲಿ ಕಾಡು ಪಟ್ಟಿಗೆ ಸೇರಿತು, ಅದರೊಳಗೆ ನಡೆದವರ ದಾರಿಗೆ ಒಂದು ಸಾಲೂ ಸಿಗಲಿಲ್ಲ.

ಬೈರಾಪುರದಿಂದ ಬಂದ ಹದಿನೈದು ದಿನಕ್ಕೆ ಕಳಸಕ್ಕೆ ಬಸ್ಸು ಹತ್ತಿದೆ. ಕಳಸವೇ ಈಗ ಒಂದು ತಾಲ್ಲೂಕು. ಆ ಗ್ರಾಮ ಅಷ್ಟೇನೂ ಬದಲಾಗಿಲ್ಲ. ಗೇಟು ಅದೇ, ಬಣ್ಣ ಬೇರೆ. ಮುದುಕಿ ತೀರಿಕೊಂಡು ಬಹಳ ವರ್ಷಗಳಾದವು. ಅವಳ ಮೊಮ್ಮಗಳು ಅದೇ ತೋಟದಲ್ಲಿ ಕೆಲಸ ಮಾಡುತ್ತಾಳೆ. ಈಗಿನ ಮಾಲೀಕರು ಹಿಂದಿನವರ ಮಗ. ಬಂದ ಕಾರಣ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ನೋಡಿಕೊಂಡು ಬನ್ನಿ ಎಂದು ಗೇಟು ತೆಗೆದರು. ಆ ಹೆಣ್ಣುಮಗಳು ಮುಂದೆ ನಡೆದಳು. ರೊಬಸ್ಟಾ ಗಿಡಗಳ ಸಾಲಿನ ನಡುವೆ ನೆಲ ಒಂದು ಕಡೆ ಉದ್ದಕ್ಕೂ ತುಸು ತಗ್ಗಿದೆ. ಇಪ್ಪತ್ತೆಂಟು ವರ್ಷದ ತರಗೆಲೆ ಅದರಲ್ಲಿ ತುಂಬಿದೆ. ಚಪ್ಪಲಿ ಬಿಟ್ಟು ಕಾಲಿಟ್ಟೆ. ಗಟ್ಟಿಯಾಗಿತ್ತು.

ಬನದ ಅಂಚಿನಲ್ಲಿ ಕೂತು, ತಹಶೀಲ್ದಾರರಿಗೆ ಕೊಡಬೇಕಾದ ಹೇಳಿಕೆಯನ್ನು ಬರೆದೆ. 1997ರ ನನ್ನ ವರದಿಯ ತಾರೀಖು, ಸರ್ವೆ ನಂಬರು, ನನ್ನ ಆಗಿನ ಹುದ್ದೆ ಎಲ್ಲ ನಮೂದಿಸಿದೆ. ಸರ್ವೆಯ ಒಂದು ಸರಪಳಿಗೆ ಹದಿನಾರು ಆಣೆ, ಒಂದಾಣೆಗೆ ಎರಡಡಿಯ ಮೇಲೆ ಚೂರು. ಹಳೆಯ ಲೆಕ್ಕದಲ್ಲೇ ಬರೆದೆ: ‘ಈ ದಿನ ಖುದ್ದಾಗಿ ಪರಿಶೀಲಿಸಲಾಗಿ, ಸ್ಥಳದಲ್ಲಿ ದಾರಿ ಇರುತ್ತದೆ. ಅಗಲ ಎರಡು ಆಣೆ.’ ಕೆಳಗೆ ಸಹಿ ಹಾಕಿದೆ. ಸಾಕ್ಷಿಯ ಜಾಗದಲ್ಲಿ ಆ ಹೆಣ್ಣುಮಗಳು ತನ್ನ ಹೆಸರು ಬರೆದಳು.